ಮೊದಲು ಕೇಳೋದು "ಯಾರ ಪೈಕಿ?" ಅಂತಲೇ ಯಾಕೆ

ಡಿಟಿಪಿ_ಅಕ್ಕ (ಕಲಬುರಗಿ) · ಗುರುವಾರ ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯೋದು ಕಡಿಮೆ, ಓದೋದು ಜಾಸ್ತಿ. ಇವತ್ತು ಬರೆಯದೆ ನಿದ್ದೆ ಬರಲ್ಲ ಅನ್ನಿಸಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಮಿನಿ ವಿಧಾನಸೌಧದ ಹತ್ತಿರ ಡಿಟಿಪಿ, ಝೆರಾಕ್ಸ್ ಅಂಗಡಿ. ಡಿಸಿ ಆಫೀಸಿಗೆ ಕೊಡುವ ಮನವಿ ಪತ್ರ ಟೈಪ್ ಮಾಡಿಸೋಕೆ ದಿನಾ ಜನ ಬರುತ್ತಾರೆ. ಎಲ್ಲ ಸಂಘಟನೆಯವರೂ ಪರಿಚಯ. ಹಳೆ ಮನವಿಗಳನ್ನು ಅಳಿಸುವುದಿಲ್ಲ. ಮುಂದಿನ ಸಲ ಊರಿನ ಹೆಸರು, ತಾರೀಖು ಬದಲಿಸಿದರೆ ಕೆಲಸ ಮುಗಿಯುತ್ತದೆ. "ನಾಗರಿಕ ಸಮಾಜ ತಲೆ ತಗ್ಗಿಸುವಂಥ ಘಟನೆ" ಅನ್ನುವ ಸಾಲನ್ನು ನುಡಿ ತಂತ್ರಾಂಶದಲ್ಲಿ ಎಷ್ಟು ಸಲ ಹೊಡೆದಿದ್ದೇನೋ ಲೆಕ್ಕ ಇಲ್ಲ.

ಇವತ್ತು ಮಧ್ಯಾಹ್ನ ಒಬ್ಬ ತಾಯಿ ಬಂದರು. ಯಾವ ಜಿಲ್ಲೆ, ಯಾವ ತಾಂಡಾ ಅಂತ ಹೇಳಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋಗಿದ್ದರು, ಗಾರೆ ಕೆಲಸಕ್ಕೆ. ಶಾಲೆಗೆ ಹೋಗುವ ವಯಸ್ಸಿನ ಮಗಳೂ ಜೊತೆಯಲ್ಲಿದ್ದಳು. ಲೇಬರ್ ಶೆಡ್‌ನಲ್ಲಿ ಆ ಹುಡುಗಿಯ ಮೇಲೆ ಆಗಬಾರದ್ದು ಆಗಿದೆ. ಮಾಡಿದವನು ಅಲ್ಲಿನ ಮೇಸ್ತ್ರಿ. ಎದುರು ನಿಂತರೆ ಕೂಲಿನೂ ಹೋಯಿತು, ಜೀವನೂ ಹೋಯಿತು ಅಂತ ರಾತ್ರೋರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಜನರಲ್ ಬೋಗಿಯಲ್ಲಿ ಊರಿಗೆ ಬಂದಿದ್ದಾರೆ. ಇಲ್ಲಿ ಒಂದು ಠಾಣೆಗೆ ಹೋದರೆ, ಆಗಿದ್ದು ಬೆಂಗಳೂರಿನಲ್ಲಿ, ಅಲ್ಲೇ ಹೋಗಿ ಕೊಡಿ ಅಂದರಂತೆ. ಯಾರೋ ಎಸ್‌ಪಿ ಸಾಹೇಬರಿಗೆ ಅರ್ಜಿ ಬರೆಸಿ ಅಂದಿದ್ದಕ್ಕೆ ನನ್ನ ಅಂಗಡಿಗೆ ಬಂದರು.

"ವಿಷಯ" ಅಂತ ಟೈಪ್ ಮಾಡಿ, ಏನು ಹಾಕಲಿ ಅಂತ ಕೇಳಿದೆ. ಆಕೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಸ್ಕ್ರೀನ್ ನೋಡುತ್ತಾ ನಿಂತರು. ಆಮೇಲೆ "ಯಾರೂ ಕೇಳಲ್ಲಾಗ್ಯಾರ ಅಂತ ಬರೀರಿ ಅಕ್ಕಾ" ಅಂದರು.

ಝೆರಾಕ್ಸ್‌ಗೆ ನಿಂತಿದ್ದ ಒಬ್ಬ ಹಿರಿಯರು ಪಾಪ, ಮುಖ ಸಣ್ಣದು ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದರು. ಆಕೆ ಹೆಬ್ಬೆಟ್ಟು ಒತ್ತೋಕೆ ಆಚೆ ತಿರುಗಿದಾಗ ನನ್ನನ್ನು ಮೆಲ್ಲಗೆ ಕೇಳಿದರು, "ಯಾರ ಪೈಕಿ ಅದಾರ್ರೀ?" ನಾನು ಹೇಳಿದೆ. "ಹೌದಾ" ಅಂದರು. ಆಮೇಲೆ ಮೊಬೈಲ್ ನೋಡುತ್ತಾ ನಿಂತರು. ಅಷ್ಟೇ. ಕೆಟ್ಟ ಮನುಷ್ಯ ಅಲ್ಲ ಅವರು. ಹತ್ತು ವರ್ಷದಿಂದ ಬಲ್ಲೆ. ಆದರೆ ಆ ಒಂದು "ಹೌದಾ"ದಲ್ಲಿ ಅವರ ಮುಖ ಸಡಿಲ ಆಗಿದ್ದನ್ನು ನಾನು ಕಣ್ಣಾರೆ ನೋಡಿದೆ. ತಮ್ಮ ಮನೆಗೆ ಸಂಬಂಧ ಇಲ್ಲ ಅಂತ ಗೊತ್ತಾದಾಗ ಆಗುತ್ತಲ್ಲ, ಹಾಗೆ.

ಅಂಗಡಿ ಮುಚ್ಚುವ ಮುಂಚೆ ಹಳೆ ಫೋಲ್ಡರ್ ತೆಗೆದೆ. 2012ರ ದೆಹಲಿಯ ಬಸ್ಸಿನ ಅತ್ಯಾಚಾರದ ಮನವಿ ಇದೆ. 2019ರ ಹೈದರಾಬಾದ್ ಪಶುವೈದ್ಯೆಯದು ಇದೆ. 2024ರ ಕೋಲ್ಕತ್ತಾ ಆಸ್ಪತ್ರೆಯ ವೈದ್ಯೆಯದು ಇದೆ. ಇವಕ್ಕೆ ಎಲ್ಲ ಬಣ್ಣದ ಸಂಘಟನೆಗಳೂ ಬಂದಿದ್ದವು. ವಕೀಲರು, ವ್ಯಾಪಾರಸ್ಥರು, ಕಾಲೇಜು ಹುಡುಗರು, ಮಹಿಳಾ ಮಂಡಳ. ಜಗತ್ ಸರ್ಕಲ್‌ನಲ್ಲಿ ಮೇಣದಬತ್ತಿ ಹಿಡಿದವರಲ್ಲಿ ನಾನೂ ಇದ್ದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗಿಯರ ಮನವಿಗಳೂ ಇವೆ, ಕಡಿಮೆ. ದಲಿತ ಹುಡುಗಿದು ಆದರೆ ದಲಿತ ಸಂಘಟನೆ ಮಾತ್ರ ಬಂದಿದೆ. ತಾಂಡಾದ ಹುಡುಗಿದು ಆದರೆ ಬಂಜಾರ ಸಂಘದವರು ಮಾತ್ರ. ಮುಸ್ಲಿಂ ಹುಡುಗಿದು ಆದರೆ ಅವರ ಕಮಿಟಿಯವರು. ಪೈಕಿ ಪೈಕಿಯವರೇ ಬಂದು ಪೈಕಿ ಪೈಕಿಯವರಿಗೇ ಅತ್ತು ಹೋಗಿದ್ದಾರೆ.

ನಮ್ಮ ಕನಿಕರವನ್ನೂ ಹೊಲ ಪಾಲು ಮಾಡಿದ ಹಾಗೆ ಪಾಲು ಮಾಡಿಕೊಂಡಿದ್ದೇವಾ? ಇದನ್ನು ಕೇಳೋಣ ಅಂತ ಬರೆದೆ.

ಬೀದರ್_ಕೋಟೆ · ರಾತ್ರಿ 10.58

ಅಕ್ಕಾವ್ರೇ, ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಎಲ್ಲದಕ್ಕೂ ಜಾತಿ ಎಳೆಯೋದು ನನಗೆ ಸರಿ ಕಾಣಲ್ಲ. ದೆಹಲಿಯ ಆ ಹುಡುಗಿ ಏನು ಸಾಹುಕಾರರ ಮಗಳಾ? ಅಪ್ಪ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಕೆಲಸ ಮಾಡುತ್ತಿದ್ದರು. ಜಮೀನು ಮಾರಿ ಓದಿಸಿದ್ದರು. ಆದರೂ ದೇಶವೇ ಎದ್ದು ನಿಂತಿತು. ಯಾರೂ ಯಾರ ಪೈಕಿ ಅಂತ ಕೇಳಲಿಲ್ಲ.

ಸೇಡಂ_ಮೇಷ್ಟ್ರು · ರಾತ್ರಿ 11.15

ಬೀದರ್ ತಮ್ಮಾ, ಮಾತು ಸರಿ ಇದೆ, ಆದರೆ ಅರ್ಧ. ಆ ಹುಡುಗಿ ಸಿನಿಮಾ ನೋಡಿ ಬಸ್ ಹತ್ತಿದ್ದಳು, ದೊಡ್ಡ ಊರಿನಲ್ಲಿ ಓದುತ್ತಿದ್ದಳು. ಅವಳಲ್ಲಿ ಎಲ್ಲರಿಗೂ ತಮ್ಮ ಮಗಳು ಕಂಡಳು. ಕಂಡಿದ್ದು ಒಳ್ಳೆಯದೇ. ಯಾರು ಕಾಣಲಿಲ್ಲ ಅನ್ನೋದೇ ನನ್ನ ಪ್ರಶ್ನೆ.

ನಾನು ನಿವೃತ್ತ ಮೇಷ್ಟ್ರು, ಎರಡು ಕಥೆ ಹೇಳುತ್ತೇನೆ. 1972ರಲ್ಲಿ ಮಹಾರಾಷ್ಟ್ರದಲ್ಲಿ ಮಥುರಾ ಅನ್ನುವ ಆದಿವಾಸಿ ಹುಡುಗಿಯ ಮೇಲೆ ಪೊಲೀಸ್ ಠಾಣೆಯೊಳಗೇ ಅತ್ಯಾಚಾರ ಆಯಿತು. ಕೂಲಿ ಮಾಡುತ್ತಿದ್ದ ಹುಡುಗಿ. ಆಗ ದೇಶ ಎದ್ದು ನಿಲ್ಲಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಟ್ಟಿತು, ಮೈಮೇಲೆ ಗಾಯ ಇಲ್ಲ, ಕೂಗಿಲ್ಲ ಅಂತ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗೆ ಬಂದದ್ದು ಆಮೇಲೆ. 1983ರಲ್ಲಿ ಕಾನೂನು ಬದಲಾಯಿತು. ದೆಹಲಿಯ ಘಟನೆ ನಡೆದದ್ದು 2012ರ ಡಿಸೆಂಬರ್ 16ಕ್ಕೆ. ಡಿಸೆಂಬರ್ 23ಕ್ಕೆ ಕಾನೂನು ತಿದ್ದೋಕೆ ಸರ್ಕಾರದ ವರ್ಮಾ ಸಮಿತಿ ಆಗಿತ್ತು. ಒಬ್ಬಳಿಗೆ ಜನ ಏಳುವುದಕ್ಕೆ ಏಳು ವರ್ಷ ಬೇಕಾಯಿತು, ಇನ್ನೊಬ್ಬಳಿಗೆ ಏಳು ದಿನ. ನಡುವೆ ಟಿವಿ, ಮೊಬೈಲ್ ಬಂದವು ಅನ್ನಬಹುದು, ಒಪ್ಪುತ್ತೇನೆ. ಆದರೆ ಪೂರ್ತಿ ಕಾರಣ ಅದಲ್ಲ.

ಎರಡನೆಯದು ಭಂವರಿ ದೇವಿ. ರಾಜಸ್ಥಾನದ ಕುಂಬಾರ ಹೆಣ್ಣುಮಗಳು. ಬಾಲ್ಯವಿವಾಹ ತಡೆಯೋಕೆ ಹೋದದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಗುಂಪಾಗಿ ಬಿದ್ದರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿಯ ಹೆಣ್ಣನ್ನು ಮುಟ್ಟಿರಲಾರರು ಅನ್ನೋದೂ ಆ ತೀರ್ಪಿನ ಕಾರಣಗಳಲ್ಲಿ ಒಂದಾಗಿತ್ತು. ಆಕೆಯ ಹೋರಾಟದಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ಇವತ್ತು ಕೆಲಸ ಮಾಡುವ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಇರುವ ದೂರು ಸಮಿತಿ ಬಂದದ್ದು ಆಕೆಯಿಂದ. ನಮ್ಮ ಎಷ್ಟು ಆಫೀಸಿನವರಿಗೆ ಆಕೆಯ ಹೆಸರು ಗೊತ್ತು ಹೇಳಿ.

ಆಳಂದ_ಟು_ಅಟ್ಲಾಂಟಾ · ರಾತ್ರಿ 11.40

ಅಕ್ಕಾ, ನಾನು ಆಳಂದದವನು, ಈಗ ಅಮೆರಿಕದಲ್ಲಿದ್ದೇನೆ. ಇಲ್ಲಿ ಇದೇ ಜಗಳ ಬಣ್ಣದ ಹೆಸರಿನಲ್ಲಿ ನಡೆಯುತ್ತದೆ. ಬಿಳಿ ಹುಡುಗಿ ಕಾಣೆಯಾದರೆ ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಕಪ್ಪು ಹುಡುಗಿ ಕಾಣೆಯಾದರೆ ಓಣಿಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತೇ ಆಗಲ್ಲ. ಗ್ವೆನ್ ಐಫಿಲ್ ಅನ್ನುವ ಕಪ್ಪು ಪತ್ರಕರ್ತೆ 2004ರಲ್ಲಿ ಇದಕ್ಕೆ "ಕಾಣೆಯಾದ ಬಿಳಿ ಹೆಣ್ಣಿನ ಕಾಯಿಲೆ" ಅಂತ ಹೆಸರಿಟ್ಟರು.

ಅಲಬಾಮಾ ಇಲ್ಲಿಂದ ಪಕ್ಕದ ರಾಜ್ಯ. 1944ರಲ್ಲಿ ಅಲ್ಲಿ ರೀಸಿ ಟೇಲರ್ ಅನ್ನುವ 24 ವರ್ಷದ ತಾಯಿ ಚರ್ಚಿನಿಂದ ಮನೆಗೆ ನಡೆದು ಬರುತ್ತಿದ್ದಾಗ ಬಿಳಿ ಗಂಡಸರು ಎತ್ತಿಕೊಂಡು ಹೋಗಿ ಅತ್ಯಾಚಾರ ಮಾಡಿದರು. ಬಿಳಿಯರೇ ಇದ್ದ ಜ್ಯೂರಿ ಎರಡು ಸಲವೂ ಕೇಸೇ ಬೇಡ ಅಂದಿತು. ಆಕೆಯ ಪರ ಊರೂರು ಓಡಾಡಿದವರು ಯಾರು ಗೊತ್ತಾ? ರೋಸಾ ಪಾರ್ಕ್ಸ್. ಬಸ್ಸಿನಲ್ಲಿ ಸೀಟು ಬಿಡದ ಹೆಣ್ಣುಮಗಳು ಅಂತ ನಮ್ಮ ಶಾಲೆ ಪುಸ್ತಕದಲ್ಲಿ ಓದಿದ್ದೆವಲ್ಲ, ಅವರೇ. ಬಸ್ಸಿನ ಘಟನೆ ಅದಾಗಿ 11 ವರ್ಷಕ್ಕೆ. ಬಸ್ಸು ಎಲ್ಲರಿಗೂ ಗೊತ್ತು, ರೀಸಿ ಟೇಲರ್ ಗೊತ್ತಿಲ್ಲ. ಅಲಬಾಮಾ ಶಾಸನಸಭೆ ಕ್ಷಮೆ ಕೇಳಿದ್ದು 2011ರಲ್ಲಿ. ಆಗ ಆಕೆಗೆ 90 ದಾಟಿತ್ತು.

ಇನ್ನೂ ಹತ್ತಿರದ್ದು ಆರ್. ಕೆಲ್ಲಿ ಅನ್ನುವ ದೊಡ್ಡ ಹಾಡುಗಾರನದು. ಸಣ್ಣ ವಯಸ್ಸಿನ ಹುಡುಗಿಯರ ಮೇಲೆ ದೌರ್ಜನ್ಯ ಮಾಡುತ್ತಾನೆ ಅಂತ 2000ದಲ್ಲೇ ಚಿಕಾಗೋ ಪತ್ರಿಕೆಯಲ್ಲಿ ಬಂದಿತ್ತು. ಅವನಿಗೆ 30 ವರ್ಷ ಶಿಕ್ಷೆ ಆದದ್ದು 2022ರಲ್ಲಿ. ನಡುವೆ ಜನ ಅವನ ಹಾಡಿಗೆ ಮದುವೆಗಳಲ್ಲಿ ಕುಣಿದರು. ಆ ಹುಡುಗಿಯರಲ್ಲಿ ಹೆಚ್ಚಿನವರು ಕಪ್ಪು ಹುಡುಗಿಯರು. ಅವನೂ ಕಪ್ಪು ಮನುಷ್ಯನೇ. ಅಂದರೆ ಬರೀ ಅಪರಾಧಿಯ ಬಣ್ಣದ ಮಾತಲ್ಲ ಇದು, ಹುಡುಗಿಯ ಬಣ್ಣದ ಮಾತು.

ಒಂದು ಅಧ್ಯಯನ ಓದಿ ಬಹಳ ಸಂಕಟ ಆಗಿತ್ತು. 2017ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ್ದು. ಕಪ್ಪು ಹುಡುಗಿಯರಿಗೆ ಮುದ್ದು ಕಡಿಮೆ ಸಾಕು, ರಕ್ಷಣೆ ಕಡಿಮೆ ಸಾಕು, ಅವರಿಗೆ ಗಂಡು ಹೆಣ್ಣಿನ ವಿಷಯ ಮೊದಲೇ ಗೊತ್ತಿರುತ್ತೆ ಅಂತ ದೊಡ್ಡವರು ಭಾವಿಸುತ್ತಾರಂತೆ. ಈ ಭಾವನೆ ಐದು ವರ್ಷದ ಮಗುವಿನಿಂದಲೇ ಶುರು.

ಡಿಟಿಪಿ_ಅಕ್ಕ · ರಾತ್ರಿ 11.52

ತಮ್ಮಾ, ಇದನ್ನು ಓದಿ ಕೈ ತಣ್ಣಗಾಯಿತು. ಇವತ್ತು ಆ ತಾಯಿ ಹೋದ ಮೇಲೆ ಪಕ್ಕದ ಅಂಗಡಿಯಲ್ಲಿ ಒಬ್ಬರು ಅಂದ ಮಾತನ್ನು ಮೇಲೆ ಬರೆಯೋಕೆ ಮನಸ್ಸಾಗಲಿಲ್ಲ. "ತಾಂಡಾದ ಹುಡುಗ್ಯಾರು ಲಗೂ ದೊಡ್ಡೋರಾಗ್ತಾರ್ರೀ" ಅಂದರು. ಹುಡುಗಿಯನ್ನು ಅವರು ನೋಡಿಯೇ ಇಲ್ಲ.

ರೋಜಾ_ಓಣಿ · ಶುಕ್ರವಾರ ಬೆಳಗ್ಗೆ 7.05

ಡಿಟಿಪಿ ಅಕ್ಕಾ, ಯಾರ ಪೈಕಿ ಅನ್ನೋ ಪ್ರಶ್ನೆ ಎರಡು ಸಲ ಬರುತ್ತೆ. ಹುಡುಗಿ ಯಾರ ಪೈಕಿ ಅಂತ ಒಂದು ಸಲ, ಮಾಡಿದವನು ಯಾರ ಪೈಕಿ ಅಂತ ಇನ್ನೊಂದು ಸಲ. ಜಮ್ಮುವಿನ ಕಠುವಾ ನೆನಪಿದೆಯಲ್ವಾ? 2018ರ ಜನವರಿ. ಕುರಿ ಕುದುರೆ ಮೇಯಿಸುವ ಬಕರ್ವಾಲ ಮುಸ್ಲಿಮರ ಎಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿ ಕೊಂದರು. ಅದು ಸತ್ತ ಮೇಲೆ ಆರೋಪಿಗಳ ಪರವಾಗಿ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಮಾಡಿದರು. ಮರುವರ್ಷ ಪಠಾಣ್‌ಕೋಟ್ ಕೋರ್ಟು ಆರು ಜನರಿಗೆ ಶಿಕ್ಷೆ ಕೊಟ್ಟಿತು.

ಆಗ ನಾನು ಪಿಯುಸಿ ಎರಡನೇ ವರ್ಷ. ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗೆಳತಿ, ಪೂರ್ತಿ ವಿಷಯ ಗೊತ್ತಾಗೋವರೆಗೂ ಏನೂ ಹೇಳಬಾರದು ಅಂತ ಹಾಕಿದಳು. ಹೈದರಾಬಾದ್ ಘಟನೆಗೆ ಅವಳೇ ಮೊದಲು ಡಿಪಿ ಕಪ್ಪು ಮಾಡಿದ್ದಳು. ಅವಳ ಮೇಲೆ ಸಿಟ್ಟಿಲ್ಲ, ಈಗಲೂ ಗೆಳತಿ. ಆದರೆ ಮರೆಯೋಕೆ ಆಗಿಲ್ಲ.

ಒಂದು ಮಾತು ನಮ್ಮವರ ಬಗ್ಗೆಯೂ ಹೇಳಬೇಕು. ಮಾಡಿದವನು ನಮ್ಮ ಪೈಕಿ ಆಗಿದ್ದರೆ ನಮ್ಮ ಓಣಿಯಲ್ಲೂ ಜನ ಮೊದಲು ಮಾನ ಉಳಿಸಿಕೊಳ್ಳೋಕೆ ನೋಡುತ್ತಾರೆ. ಹುಡುಗಿ ನಮ್ಮವಳೇ ಆಗಿದ್ದರೂ.

ಬೀದರ್_ಕೋಟೆ · ಬೆಳಗ್ಗೆ 8.30

ತಂಗೀ, ನೀನು ಹೇಳಿದ್ದಕ್ಕೆ ಸೇರಿಸುತ್ತೇನೆ. ಇಂಗ್ಲೆಂಡಿನ ರಾದರಮ್ ಅನ್ನುವ ಊರಿನ ವರದಿ 2014ರಲ್ಲಿ ಬಂತು. 1997ರಿಂದ 2013ರವರೆಗೆ ಕಡಿಮೆ ಅಂದರೂ 1,400 ಮಕ್ಕಳು ದೌರ್ಜನ್ಯಕ್ಕೆ ಸಿಕ್ಕಿದ್ದರು. ಹೆಚ್ಚಿನವರು ಬಿಳಿ ಹುಡುಗಿಯರೇ. ಮಾಡಿದವರಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು. ಜನಾಂಗದ ಹೆಸರು ಎತ್ತಿದರೆ ಎಲ್ಲಿ ಕೆಟ್ಟವರಾಗುತ್ತೇವೋ ಅಂತ ಕೆಲವು ಅಧಿಕಾರಿಗಳು ಹೆದರಿದರು. ಅದೇ ಊರಿನ ಪೊಲೀಸರು ಆ ಹುಡುಗಿಯರನ್ನೇ ಕೀಳಾಗಿ ನೋಡಿದರು ಅಂತಲೂ ವರದಿಯಲ್ಲಿದೆ. ಅಲ್ಲಿ ಬಿಳಿ ಬಣ್ಣ ಕಾಪಾಡಲಿಲ್ಲ. ಅದಕ್ಕೇ ನಾನು ಹೇಳೋದು, ಬಡತನ ದೊಡ್ಡ ಕಾರಣ ಅಂತ.

ಸೇಡಂ_ಮೇಷ್ಟ್ರು · ಬೆಳಗ್ಗೆ 9.10

ಬಡತನ ದೊಡ್ಡ ಕಾರಣ, ಇಲ್ಲ ಅನ್ನಲ್ಲ. ಆದರೆ ನಮ್ಮ ಕಡೆ ಬಡತನಕ್ಕೂ ಜಾತಿಗೂ ಒಂದೇ ಓಣಿ ತಮ್ಮಾ. ಬೇರೆ ಮಾಡಿ ನೋಡೋದು ಕಷ್ಟ.

ಹೈದರಾಬಾದಿನ ಮಾತು ಬಂತಲ್ಲ. ನಿಮ್ಮ ಬೀದರಿಗೆ ಮೂರು ತಾಸಿನ ದಾರಿ, ಅದಕ್ಕೇ ಹೇಳುತ್ತೇನೆ. 2019ರ ನವೆಂಬರ್ 27ಕ್ಕೆ ಶಂಶಾಬಾದಿನಲ್ಲಿ ಪಶುವೈದ್ಯೆಯ ಕೊಲೆ ಆಯಿತು. ದೇಶ ಕುದಿಯಿತು. ಡಿಸೆಂಬರ್ 6ಕ್ಕೆ ಪೊಲೀಸರು ನಾಲ್ವರು ಆರೋಪಿಗಳನ್ನು ಗುಂಡಿಟ್ಟು ಕೊಂದರು, ಜನ ಪೊಲೀಸರ ಮೇಲೆ ಹೂ ಎರಚಿದರು. ಆ ಪಶುವೈದ್ಯೆಯ ಕೊಲೆಗೂ ಮೂರು ದಿನ ಮುಂಚೆ, ನವೆಂಬರ್ 24ಕ್ಕೆ, ಅದೇ ತೆಲಂಗಾಣದ ಆಸಿಫಾಬಾದ್ ಜಿಲ್ಲೆಯಲ್ಲಿ ಊರೂರು ಸುತ್ತಿ ಸಾಮಾನು ಮಾರುತ್ತಿದ್ದ ದಲಿತ ಹೆಣ್ಣುಮಗಳ ಮೇಲೆ ಮೂವರು ಅತ್ಯಾಚಾರ ಮಾಡಿ ಕೊಂದಿದ್ದರು. ಆ ಸುದ್ದಿ ಎಷ್ಟು ಜನ ಕೇಳಿದ್ದೀರಿ? ಅವಳ ಕಡೆಯವರು ಬೀದಿಗೆ ಬಂದು, ನಮ್ಮ ಹೆಣ್ಣುಮಗಳು ಹೆಣ್ಣುಮಗಳಲ್ಲವಾ ಅಂತ ಕೇಳಬೇಕಾಯಿತು. ಕೇಸು ಕೋರ್ಟಿನಲ್ಲಿ ನಡೆದು 2020ರ ಜನವರಿ 30ಕ್ಕೆ ಮೂವರಿಗೂ ಮರಣದಂಡನೆ ಆಯಿತು. ಗುಂಡು ಹೊಡೆದದ್ದನ್ನು ನಾನು ಮೆಚ್ಚುವುದಿಲ್ಲ, ಕೋರ್ಟಿನ ದಾರಿಯೇ ಸರಿ. ಆದರೆ ಹೂವು ಯಾರ ಪಾಲಿಗೆ ಬಂತು ನೋಡಿ.

ಶಹಾಪುರ_ಹುಡುಗಿ · ಬೆಳಗ್ಗೆ 9.44

ಮೇಷ್ಟ್ರೇ, ನಾನು ಆ ಸುದ್ದಿ ಕೇಳಿರಲಿಲ್ಲ. ಈಗ ಹುಡುಕಿ ಓದಿದೆ.

ಉತ್ತರ ಪ್ರದೇಶದ ಹಾಥರಸ್‌ನ ದಲಿತ ಹುಡುಗಿಗೆ ಜನ ಬಂದರಲ್ವಾ ಅಂತ ಯಾರಾದರೂ ಕೇಳಬಹುದು. ಬಂದರು. 2020ರ ಸೆಪ್ಟೆಂಬರ್ 14ಕ್ಕೆ ಹಲ್ಲೆ ಆಗಿದ್ದು. 29ಕ್ಕೆ ಹುಡುಗಿ ತೀರಿಕೊಂಡಳು. ಮನೆಯವರನ್ನು ದೂರ ಇಟ್ಟು ಪೊಲೀಸರೇ ರಾತ್ರಿ ಹೆಣ ಸುಟ್ಟರು. ದೇಶ ತಿರುಗಿ ನೋಡಿದ್ದು ಆ ಬೆಂಕಿಯನ್ನು. ಆಕೆ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದ ಹದಿನೈದು ದಿನ ನಾವೆಲ್ಲ ಎಲ್ಲಿದ್ದೆವು?

ಗುಳೆ_ಹೋದವ (ಯಾದಗಿರಿ) · ಬೆಳಗ್ಗೆ 10.20

ನಾನು ಎಂಟು ವರ್ಷ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದ್ದೇನೆ. ತಗಡಿನ ಶೆಡ್‌ಗೆ ಬಾಗಿಲೇ ಇರಲ್ಲ, ಚೀಲ ಕಟ್ಟಿರುತ್ತೇವೆ. ಹೆಣ್ಣುಮಕ್ಕಳು ಕತ್ತಲಲ್ಲಿ ಬಯಲಿಗೆ ಹೋಗಬೇಕು. ಏನಾದರೂ ಆದರೆ ಅಲ್ಲಿಯವರು, ಇವರು ಆ ಕಡೆಯವರು, ನಾಳೆ ಊರಿಗೆ ಹೋಗುತ್ತಾರೆ ಅಂತಾರೆ. ಊರಿಗೆ ಬಂದರೆ, ಅಲ್ಲಿ ಆಗಿದ್ದು ಅಲ್ಲೇ ಕೇಳಿ ಅಂತಾರೆ. ಆ ತಾಯಿ ಅಂದದ್ದು ಪೂರ್ತಿ ನಿಜ. ನಾವು ಯಾರ ಲೆಕ್ಕಕ್ಕೂ ಇಲ್ಲ.

[ನಿರ್ವಾಹಕರು: ಇಲ್ಲಿ ಒಬ್ಬರು ಆ ತಾಂಡಾ ಯಾವುದಿರಬಹುದು ಅಂತ ಬರೆದಿದ್ದರು. ತೆಗೆದಿದ್ದೇವೆ. ದಯವಿಟ್ಟು ಯಾರೂ ಊಹೆ ಮಾಡಬೇಡಿ. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ.]

ಕೋರ್ಟ್_ರೋಡ್_ವಕೀಲ · ಬೆಳಗ್ಗೆ 11.35

ಅಕ್ಕಾವ್ರೇ, ಚರ್ಚೆ ನಡೆಯಲಿ, ಮೊದಲು ಆ ತಾಯಿಗೆ ಇಷ್ಟು ತಿಳಿಸಿ. ಎಲ್ಲಿ ಆಗಿದ್ದರೂ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಲೇಬೇಕು. ಝೀರೋ ಎಫ್‌ಐಆರ್ ಅಂತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದೆ. ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರಹದಲ್ಲಿ ಕೊಡಬಹುದು, ಅದನ್ನು ನೀವು ಮಾಡಿಸಿದ್ದೀರಿ. ಇಂಥ ಕೇಸಿನಲ್ಲಿ ದೂರು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ನ್ಯಾಯ ಸಂಹಿತೆಯ 199ನೇ ಕಲಂ. ಇದನ್ನು ಅರ್ಜಿಯಲ್ಲಿ ಒಂದು ಸಾಲು ಸೇರಿಸಿ.

ಹುಡುಗಿಗೆ 18 ಆಗಿಲ್ಲ ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಕಾಯ್ದೆ ಬರುತ್ತದೆ. ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳಿಗೆ ಬೇಕಾದ ಜಾಗದಲ್ಲೋ ತೆಗೆದುಕೊಳ್ಳಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಪರೀಕ್ಷೆ ಮಾಡುವುದು ಲೇಡಿ ಡಾಕ್ಟರೇ ಆಗಿರಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ ಪಟ್ಟಿಯಲ್ಲಿದ್ದಾರೆ. ಆ ಮೇಸ್ತ್ರಿ ಎಸ್‌ಸಿ, ಎಸ್‌ಟಿ ಅಲ್ಲದಿದ್ದರೆ 1989ರ ಅಟ್ರಾಸಿಟಿ ಕಾಯ್ದೆಯನ್ನೂ ಹಾಕಬೇಕು. ಆಗ ತನಿಖೆ ಡಿವೈಎಸ್‌ಪಿ ದರ್ಜೆಯವರದು, 60 ದಿನದೊಳಗೆ ಚಾರ್ಜ್‌ಶೀಟ್. ಅದೇ ಕಾಯ್ದೆಯ 2016ರ ನಿಯಮದಂತೆ ಅತ್ಯಾಚಾರ ಸಂತ್ರಸ್ತೆಗೆ 5 ಲಕ್ಷ ಪರಿಹಾರ ಇದೆ. ಅರ್ಧ ವೈದ್ಯಕೀಯ ವರದಿ ಬಂದ ಮೇಲೆ, ಕಾಲು ಭಾಗ ಚಾರ್ಜ್‌ಶೀಟ್ ಹೋದಾಗ, ಉಳಿದದ್ದು ಕೆಳಗಿನ ಕೋರ್ಟಿನ ವಿಚಾರಣೆ ಮುಗಿದ ಮೇಲೆ.

ಅಕ್ಕಾ, ನನ್ನ ಅನುಭವದ ಒಂದು ಮಾತು. ಠಾಣೆಗೆ ಒಬ್ಬರೇ ಹೋದರೆ ಒಂದು ಥರ, ಹತ್ತು ಜನ ಹೋದರೆ ಒಂದು ಥರ. ಕಾನೂನು ಒಂದೇ ಇರುತ್ತೆ, ದೂರು ಬರೆದುಕೊಳ್ಳುವ ರೈಟರ್ ಪೆನ್ನು ಎತ್ತೋದು ಮಾತ್ರ ಬೇರೆ. ನೀವೆಲ್ಲ ಕನಿಕರ ಅನ್ನುತ್ತಿದ್ದೀರಲ್ಲ, ಅದು ಬರೀ ಮನಸ್ಸಿನ ಮಾತಲ್ಲ. ಜನ ನೋಡುತ್ತಿದ್ದಾರೆ ಅಂದರೆ ಮೆಡಿಕಲ್ ಅವತ್ತೇ ಆಗುತ್ತೆ, ಸಾಕ್ಷಿ ಹೆದರಲ್ಲ, ಮನೆಯವರನ್ನು ಕೂಡಿಸಿ ರಾಜಿ ಮಾಡಿಸೋಕೆ ಯಾರೂ ಬರಲ್ಲ. ಯಾರೂ ನೋಡುತ್ತಿಲ್ಲ ಅಂದಾಗ ಕೇಸು ಮೊದಲ ವಾರದಲ್ಲೇ ಸಾಯುತ್ತೆ.

ಶಹಾಪುರ_ಹುಡುಗಿ · ಮಧ್ಯಾಹ್ನ 12.02

ಅಕ್ಕಾ, ಆ ತಾಯಿ ಮತ್ತೆ ಯಾವಾಗ ಬರುತ್ತಾರೆ?

ಡಿಟಿಪಿ_ಅಕ್ಕ · ಮಧ್ಯಾಹ್ನ 12.30

ಸೋಮವಾರ 11 ಗಂಟೆಗೆ ಎಸ್‌ಪಿ ಆಫೀಸಿಗೆ ಬನ್ನಿ ಅಂದಿದ್ದಾರಂತೆ. ಈಗ ಫೋನ್ ಮಾಡಿ, ಜನ ಜೊತೆಗೆ ಬಂದರೆ ಪರವಾಗಿಲ್ಲವಾ ಅಂತ ಕೇಳಿದೆ. "ಯಾರು ಬರ್ತಾರ ಅಕ್ಕಾ?" ಅಂದರು.

ಬ್ಯಾನರ್ ಬೇಡ, ಫೋಟೋ ಬೇಡ, ಮೇಣದಬತ್ತಿ ಬೇಡ. ಹುಡುಗಿಯ ಹೆಸರು ಯಾರೂ ಕೇಳಬಾರದು. ಸುಮ್ನೆ ಬಂದು ಜೊತೆಗೆ ನಿಂತರೆ ಸಾಕು. ತಮ್ಮ ಪೈಕಿ ಅಲ್ಲದವರು ಬಂದರೆ ಇನ್ನೂ ಸಂತೋಷ.

ಬೀದರ್_ಕೋಟೆ · ಮಧ್ಯಾಹ್ನ 1.15

ಬಡತನದ ಮಾತು ನಾನು ಬಿಡಲ್ಲ ಅಕ್ಕಾ, ಅದರ ಬಗ್ಗೆ ಮೇಷ್ಟ್ರ ಜೊತೆ ಇನ್ನೊಮ್ಮೆ ವಾದ ಮಾಡುತ್ತೇನೆ. ಆದರೆ ಆ ಹಿರಿಯರ "ಹೌದಾ" ಓದಿದಾಗಿನಿಂದ ಸಮಾಧಾನ ಇಲ್ಲ. ನಾನೂ ಹಾಗೆ ಎಷ್ಟೋ ಸಲ ಅಂದಿದ್ದೇನೆ. ಸೋಮವಾರ ಬೆಳಗ್ಗೆ ಬಸ್ಸಿಗೆ ಬರುತ್ತೇನೆ.

ಡಿಟಿಪಿ_ಅಕ್ಕ · ಸೋಮವಾರ ರಾತ್ರಿ 9.15

ಹನ್ನೊಂದು ಜನ ಬಂದಿದ್ದರು. ರೋಜಾ ಓಣಿ ತಂಗಿ ಅವರ ಅಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಯಾದಗಿರಿ ಅಣ್ಣ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಮೇಷ್ಟ್ರು ಟೊಪ್ಪಿಗೆ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಗೇಟಿನ ಹತ್ತಿರ ನಿಂತಿದ್ದರು. ವಕೀಲರು ಒಳಗೆ ಹೋದರು. ಎರಡೂವರೆ ತಾಸು ಆಯಿತು. ಎಫ್‌ಐಆರ್ ಆಯಿತು. ಪೋಕ್ಸೋ ಹಾಕಿದ್ದಾರೆ. ಅಟ್ರಾಸಿಟಿ ಕಲಂ ಸೇರಿಸೋಕೆ ಜಾತಿ ಪ್ರಮಾಣಪತ್ರ ಕೇಳಿದ್ದಾರೆ, ನಾಳೆ ತಹಶೀಲ್ದಾರ್ ಆಫೀಸಿಗೆ ಹೋಗಬೇಕು.

ಆ ತಾಯಿ ನಮ್ಮಲ್ಲಿ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಮರದ ಕೆಳಗೆ ಕೂತಾಗ ರೋಜಾ ಓಣಿ ತಂಗಿಯ ಅಮ್ಮ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ತಿನ್ನುತ್ತಾ ಆಕೆ ನನ್ನನ್ನು ಮೆಲ್ಲಗೆ ಕೇಳಿದರು, "ಇವರೆಲ್ಲ ಯಾರ ಪೈಕಿ ಅಕ್ಕಾ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. "ನಿಮ್ಮ ಪೈಕೀನೇ ತಗೋರಿ" ಅಂದೆ.

ಎಫ್‌ಐಆರ್ ಪ್ರತಿಯ ಎರಡು ಝೆರಾಕ್ಸ್ ತೆಗೆಸಿಕೊಂಡರು. ಒಂದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ನಮ್ಮ ಮನೆ ಸೋರುತ್ತೆ ಅಂದರು. ಕಪಾಟಿನಲ್ಲಿ ಇಟ್ಟಿದ್ದೇನೆ.

ನಾಳೆ ಬೆಳಗ್ಗೆ 9 ಗಂಟೆಗೆ ಹುಡುಗಿಗೆ ಮೆಡಿಕಲ್. ಇಬ್ಬರು ಹೆಣ್ಣುಮಕ್ಕಳು ಜೊತೆಗೆ ಬೇಕು. ಯಾರು ಬರುತ್ತೀರಿ?

ರೋಜಾ_ಓಣಿ · ರಾತ್ರಿ 9.17

ನಾನು ಬರುತ್ತೇನೆ ಅಕ್ಕಾ.

ಶಹಾಪುರ_ಹುಡುಗಿ · ರಾತ್ರಿ 9.21

ನಾನೂ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ.